ಸೆರೆಯಿಂದ ಸಿಂಹಾಸನಕ್ಕೆ: ಅಚ್ಯುತದೇವರಾಯನೂ ರಾಯಚೂರೂ

ಕೃಷ್ಣೆ ತುಂಗಭದ್ರೆಯರ ನಡುವಣ ಭೂಭಾಗವು ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ನಾಡೆಂದು ಪ್ರಸಿದ್ಧವಾಗಿದೆ. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ, ಇವೆರಡಕ್ಕೂ ಪೂರ್ವದಲ್ಲಿ ರಾಯಚೂರು. ಕಾಕತೀಯರ ಕಾಲದಲ್ಲಿ, ಕ್ರಿ. ಶ. 1294ರಲ್ಲಿ, ಇಲ್ಲಿ ಎದ್ದ ಕೋಟೆಗಾಗಿ ಮುಂದೆ ಬಹಮನಿ ಸುಲ್ತಾನರೂ ಆದಿಲಶಾಹಿಗಳೂ ವಿಜಯನಗರದ ಅರಸರೂ ತಲೆಮಾರುಗಳವರೆಗೆ ಹೋರಾಡಿದರು. 1520ರಲ್ಲಿ ಇದನ್ನು ಗೆದ್ದ ಶ್ರೀಕೃಷ್ಣದೇವರಾಯನ ಕೀರ್ತಿಯನ್ನು ಅರಿಯದವರಿಲ್ಲ. ಆದರೆ ಅದೇ ಕೋಟೆಯನ್ನು ಕಳೆದುಕೊಂಡು ಮರಳಿ ಪಡೆದ ಆತನ ತಮ್ಮ ಅಚ್ಯುತದೇವರಾಯನ ಹೆಸರು ಜನಮನದಲ್ಲಿ ಅಷ್ಟಾಗಿ ಉಳಿದಿಲ್ಲ.

ಅಚ್ಯುತನು ಅರಸನಾಗಬಹುದೆಂದು ಯಾರೂ ಎಣಿಸಿರಲಿಲ್ಲ. ತುಳುವ ನರಸನಾಯಕನಿಗೆ ತಿಪ್ಪಾಂಬೆಯಲ್ಲಿ ವೀರನರಸಿಂಹನೂ, ನಾಗಲಾಂಬೆಯಲ್ಲಿ ಕೃಷ್ಣದೇವರಾಯನೂ, ಓಬಾಂಬೆಯಲ್ಲಿ ಅಚ್ಯುತ ಹಾಗೂ ರಂಗರೂ ಜನಿಸಿದರು. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನು ದಾಯಾದಿಗಳಿಂದ ಕಲಹವೇಳದಂತೆ ತಮ್ಮಂದಿರನ್ನು ಚಂದ್ರಗಿರಿಯ ದುರ್ಗದಲ್ಲಿ ಇರಿಸಿದನೆಂದು ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಹೇಳುತ್ತಾನೆ. ಅಣ್ಣನು ರಾಯಚೂರಿನ ವಿಜಯೋತ್ಸವವನ್ನು ಆಚರಿಸಿದಾಗ ತಮ್ಮನು ಕೋಟೆಯೊಳಗಿನ ಬಂದಿ!

ವಿಧಿಯ ಗತಿ ಬೇರೆಯಾಗಿತ್ತು. ಕೃಷ್ಣದೇವರಾಯನು ತಾನು ಬದುಕಿರುವಾಗಲೇ ಬಾಲಕನಾದ ಮಗ ತಿರುಮಲರಾಯನಿಗೆ ಪಟ್ಟಕಟ್ಟಿದನು. ಆದರೆ ಆ ಬಾಲಕನು ಅಕಾಲದಲ್ಲಿ ಮೃತನಾದನು. ಶಂಕೆಗೆ ಒಳಗಾದ ಮಹಾಮಂತ್ರಿ ಸಾಳುವ ತಿಮ್ಮರಸನ ಕುಟುಂಬವು ದುರಂತಕ್ಕೀಡಾಯಿತು. ಅನಂತರ ಉಳಿದವನು ಹದಿನೆಂಟು ತಿಂಗಳ ಕೂಸು. ಅಂತ್ಯಕಾಲವು ಸಮೀಪಿಸಿದಾಗ ರಾಯನು ತೊಟ್ಟಿಲ ಕೂಸಿಗೆ ರಾಜ್ಯವನ್ನು ವಹಿಸಲಾರದೆ, ತಾನೇ ಸೆರೆಯಲ್ಲಿರಿಸಿದ್ದ ತಮ್ಮನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದನು.

ಆದರೆ ಕೃಷ್ಣದೇವರಾಯನ ಅಳಿಯನಾದ ರಾಮರಾಯನು ಕೂಸಿನ ಪಕ್ಷವನ್ನು ಹಿಡಿದನು. ಅಚ್ಯುತನ ಪಕ್ಷಕ್ಕೆ ಪತ್ನಿ ವರದಾಂಬಿಕೆಯ ಸಹೋದರರಾದ ಸಲಕರಾಜ ತಿರುಮಲರು ಬೆಂಬಲವಾದರು. 1529ರಲ್ಲಿ ಅಚ್ಯುತನಿಗೆ ಪಟ್ಟಾಭಿಷೇಕವು ಒಮ್ಮೆಯಲ್ಲ, ಮೂರು ಬಾರಿ ನಡೆಯಿತು: ತಿರುಮಲೆಯಲ್ಲಿ, ಕಾಳಹಸ್ತಿಯಲ್ಲಿ, ಕೊನೆಗೆ ರಾಜಧಾನಿಯಲ್ಲಿ. ಹಕ್ಕು ನಿಸ್ಸಂದೇಹವಾಗಿದ್ದ ಅರಸನಿಗೆ ಒಂದೇ ಅಭಿಷೇಕ ಸಾಕು. ಸಂದೇಹವಿದ್ದೆಡೆ ವೆಂಕಟೇಶ್ವರನೂ ಕಾಳಹಸ್ತೀಶ್ವರನೂ ಸಾಕ್ಷಿಗಳಾಗಬೇಕಾಯಿತು.

ಈ ಒಳಜಗಳದ ಬೆಲೆಯನ್ನು ಮೊದಲು ತೆತ್ತದ್ದು ರಾಯಚೂರು. ರಾಯನ ಮರಣದಿಂದುಂಟಾದ ಗೊಂದಲವನ್ನು ಕಂಡ ವಿಜಯಪುರದ ಇಸ್ಮಾಯಿಲ್ ಆದಿಲಶಾಹನು ದಂಡೆತ್ತಿ ಬಂದು ರಾಯಚೂರು, ಮುದುಗಲ್ಲು ದುರ್ಗಗಳನ್ನು ವಶಪಡಿಸಿಕೊಂಡನು. ಪೂರ್ವದಲ್ಲಿ ಗಜಪತಿಯ ಸೇನೆ ಗಡಿಯನ್ನು ದಾಟಿತು. ದಕ್ಷಿಣದಲ್ಲಿ ಸಾಳುವ ವೀರನರಸಿಂಹನಾಯಕನು ಬಂಡೆದ್ದು ತಿರುವಡಿಯ ಅರಸನ ಆಶ್ರಯವನ್ನು ಪಡೆದನು. ಹತ್ತು ವರ್ಷಗಳ ಹಿಂದಿನ ಮಹಾವಿಜಯದ ಫಲವು ಹೊಸ ಅರಸನು ಸಿಂಹಾಸನದಲ್ಲಿ ನೆಲೆಗೊಳ್ಳುವ ಮೊದಲೇ ಕೈಬಿಟ್ಟುಹೋಯಿತು.

ಅಚ್ಯುತನು ಆತುರಪಡಲಿಲ್ಲ. ರಾಮರಾಯನಿಗೆ ಆಡಳಿತದಲ್ಲಿ ಪಾಲು ಕೊಟ್ಟು ಮನೆಯ ಕಲಹವನ್ನು ಶಮನಗೊಳಿಸಿದನು. ಗಜಪತಿಯ ಸೇನೆಯನ್ನು ಹಿಮ್ಮೆಟ್ಟಿಸಿದನು. ಬಳಿಕ ದಕ್ಷಿಣ ದಂಡಯಾತ್ರೆ. ಅರಸನು ಶ್ರೀರಂಗದಲ್ಲಿ ತಂಗಿರಲು, ಮೈದುನನು ಸೇನೆಯನ್ನು ತಾಮ್ರಪರ್ಣಿಯವರೆಗೆ ನಡೆಸಿ ಜಯಸ್ತಂಭವನ್ನು ನಿಲ್ಲಿಸಿದನು. ಈ ಪ್ರಸಂಗಗಳನ್ನು ರಾಜನಾಥ ಡಿಂಡಿಮನ ಸಂಸ್ಕೃತ ಕಾವ್ಯ ‘ಅಚ್ಯುತರಾಯಾಭ್ಯುದಯ’ವು ವರ್ಣಿಸುತ್ತದೆ.

ಇನ್ನುಳಿದುದು ರಾಯಚೂರು. 1534ರಲ್ಲಿ ಇಸ್ಮಾಯಿಲನು ತೀರಿಕೊಂಡನು. ಅವನ ಮಗ ಮಲ್ಲುವಿನ ಆಳ್ವಿಕೆ ಕೆಲವೇ ತಿಂಗಳುಗಳದ್ದು. ಅವನನ್ನು ಪದಚ್ಯುತಗೊಳಿಸಿ ತಮ್ಮನಾದ ಇಬ್ರಾಹಿಮನನ್ನು ಪಟ್ಟಕ್ಕೇರಿಸಿದರು. ಐದು ವರ್ಷಗಳ ಹಿಂದೆ ವಿಜಯನಗರಕ್ಕೆ ಒದಗಿದ್ದ ಉತ್ತರಾಧಿಕಾರದ ಸಂಕಟವೇ ಈಗ ವಿಜಯಪುರಕ್ಕೆ ಒದಗಿತು. ಅಚ್ಯುತನು ಈ ಸಂದರ್ಭವನ್ನರಿತು ಎಡೆದೊರೆಗೆ ಸೇನೆಯನ್ನು ನಡೆಸಿ ಕಳೆದುಹೋದ ಭೂಮಿಯನ್ನು ಮರಳಿ ಪಡೆದನು. ಅಣ್ಣನ ವಿಜಯವು ಮಹಾಸಂಗ್ರಾಮದ ಫಲ. ತಮ್ಮನದು ಕಾಲಜ್ಞಾನದ ಫಲ. ಮೊದಲನೆಯದು ಕಥೆಯಾಗಿ ಉಳಿಯಿತು, ಎರಡನೆಯದು ಮರೆಯಾಯಿತು.

ಈ ಮರೆವಿಗೆ ನ್ಯೂನಿಜನೂ ಕಾರಣನು. ಅಚ್ಯುತನ ಕಾಲದಲ್ಲಿಯೇ ವಿಜಯನಗರದಲ್ಲಿದ್ದ ಅವನು ರಾಯಚೂರಿನ ಕದನವನ್ನು ವಿಸ್ತಾರವಾಗಿ ಬಣ್ಣಿಸಿ, ಅಚ್ಯುತನನ್ನು ಮಾತ್ರ ಭೋಗಾಸಕ್ತ, ಕ್ರೂರ, ಮೈದುನರ ಕೈಗೊಂಬೆ ಎಂದು ಚಿತ್ರಿಸಿದನು. ಅದರಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ಸಲಕರಾಜ ಸಹೋದರರ ಪ್ರಾಬಲ್ಯವು ನಿಜವೇ. ಆದರೆ ಆಸ್ಥಾನಕವಿಯ ಹೊಗಳಿಕೆಯಂತೆಯೇ ಪರದೇಶಿಯ ತೆಗಳಿಕೆಯನ್ನೂ ಶಾಸನಗಳ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಕಾಂಚಿಯ ಶಾಸನವೊಂದು ಇಲ್ಲಿ ಸ್ಮರಣೀಯ. ವರದರಾಜಸ್ವಾಮಿಗೂ ಏಕಾಮ್ರನಾಥನಿಗೂ ಸಮನಾಗಿ ಗ್ರಾಮಗಳನ್ನು ಬಿಡಬೇಕೆಂದು ಅರಸನು ಆಜ್ಞಾಪಿಸಿದ್ದನು. ವೀರನರಸಿಂಹನಾಯಕನು ಒಂದು ದೇವಾಲಯಕ್ಕೆ ಹೆಚ್ಚಾಗಿ ಕೊಟ್ಟನು. ಇದನ್ನು ತಿಳಿದ ಅಚ್ಯುತನು ಹಂಚಿಕೆಯನ್ನು ತಿದ್ದಿ ಹರಿಹರರಿಬ್ಬರಿಗೂ ಸಮಪಾಲು ಮಾಡಿಸಿದನು. ಸ್ವತಃ ವೈಷ್ಣವನಾದ ಈ ಅರಸನ ಆಳ್ವಿಕೆಯಲ್ಲಿಯೇ ಲೇಪಾಕ್ಷಿಯ ವೀರಭದ್ರ ದೇವಾಲಯವು ವಿರೂಪಣ್ಣನಿಂದ ವೈಭವವನ್ನು ಪಡೆಯಿತು. ಕೇವಲ ಭೋಗಲಾಲಸನಾದ ಅರಸನು ಅಧಿಕಾರಿಯ ಪಕ್ಷಪಾತವನ್ನು ಇಷ್ಟು ಎಚ್ಚರದಿಂದ ತಿದ್ದುವನೆಂದು ನಂಬುವುದು ಕಷ್ಟ.

ಅಚ್ಯುತನ ನಿಜವಾದ ಸೋಲು ಬೇರೆಡೆ ಇದೆ. ಉತ್ತರಾಧಿಕಾರಕ್ಕೆ ನೆಲೆಯಾದ ಕಟ್ಟಳೆಯಿಲ್ಲದುದರ ಕಷ್ಟವನ್ನು ಸ್ವತಃ ಉಂಡ ಆತನೂ ಅದನ್ನು ಸರಿಪಡಿಸಲಿಲ್ಲ. 1542ರಲ್ಲಿ ಆತನು ಮೃತನಾದಾಗ ಮಗ ವೆಂಕಟನು ಎಳೆಯನು. ಯಾವ ಸೋದರಮಾವಂದಿರ ಬಲದಿಂದ ತಂದೆ ಅರಸನಾಗಿದ್ದನೋ ಅವರಲ್ಲಿ ಕಿರಿಯವನಾದ ತಿರುಮಲನಿಂದಲೇ ಆ ಬಾಲಕನು ಹತನಾದನು. ರಾಮರಾಯನು ರಂಗನ ಮಗ ಸದಾಶಿವನನ್ನು ಗುತ್ತಿಯ ದುರ್ಗದಿಂದ ಬಿಡಿಸಿ ಪಟ್ಟಕಟ್ಟಿದನು. ಮತ್ತೊಮ್ಮೆ ಸೆರೆಮನೆಯಿಂದಲೇ ಅರಸನು ಬಂದನು. ಆದರೆ ಈ ಸಲ ಅಧಿಕಾರವು ಅರಸನ ಕೈಯಲ್ಲಿರಲಿಲ್ಲ.

1565ರ ರಕ್ಕಸ–ತಂಗಡಿಯ ಕದನದ ತರುವಾಯ ರಾಯಚೂರು ವಿಜಯನಗರಕ್ಕೆ ಮರಳಲಿಲ್ಲ. ಹಂಪೆಯಲ್ಲಿ ಹಿರಿಯ ತಿರುಮಲರಾಜನು 1534ರಲ್ಲಿ ಕಟ್ಟಿಸಿದ ತಿರುವೆಂಗಳನಾಥನ ಗುಡಿಯನ್ನು ಜನರು ಇಂದಿಗೂ ಅಚ್ಯುತರಾಯನ ಗುಡಿಯೆನ್ನುತ್ತಾರೆ. ರಾಯಚೂರಿನ ಕೋಟೆಯನ್ನು ನೋಡುವವರೂ ಗೆದ್ದ ಅಣ್ಣನೊಡನೆ, ಕಳೆದುದನ್ನು ಉಳಿಸಿದ ತಮ್ಮನನ್ನು ನೆನೆದರೆ ಇತಿಹಾಸಕ್ಕೆ ನ್ಯಾಯ ಸಲ್ಲಿಸಿದಂತಾಗುವುದು.