ಕಟ್ಟದೇ ಹೋದ ಡ್ಯಾಮಿನ ಪಕ್ಕ ಹದಿನೆಂಟು ಹೋಲ್

ಪೆಟ್ರೋಲ್ ಬಂಕಿನ ಗಾಜಿನ ಬಾಗಿಲಿಗೆ ಒಂದು ಪೋಸ್ಟರ್ ಅಂಟಿಸಿದ್ರು. ಕುದುರೆ ಸವಾರ, ಕೈಯಲ್ಲಿ ಹಗ್ಗ, ಮೇಲೆ ದೊಡ್ಡದಾಗಿ ‘ಓರ್ಮ್ ಡ್ಯಾಮ್ ವಿಕ್ಟರಿ ಡೇಸ್’. ಓಹೋ, ಇವರ ಡ್ಯಾಮ್ ತುಂಬಿರಬೇಕು ಅಂದುಕೊಂಡೆ. ನಮ್ಮಲ್ಲಿ ಡ್ಯಾಮ್ ತುಂಬಿದರೆ ಮುಖ್ಯಮಂತ್ರಿಗಳು ಹೋಗಿ ಬಾಗಿನ ಬಿಡ್ತಾರಲ್ಲ, ಅಂಥದ್ದೇ ಏನೋ ಇರಬೇಕು. ಆದರೆ ಸುತ್ತ ನೋಡಿದರೆ ಬರೀ ಕಳ್ಳಿ, ಕಲ್ಲು, ಕೆಂಪು ಮಣ್ಣು. ಡ್ಯಾಮ್ ಎಲ್ಲಿದೆ ಅಂತ ಗೂಗಲ್ ಮ್ಯಾಪಲ್ಲಿ ಹುಡುಕಿದೆ. ಸಿಗಲಿಲ್ಲ. ಟೀ ಟೈಮ್ ಹತ್ತಿರ ಬಂದಿತ್ತು, ಅಲ್ಲಿಗೇ ಬಿಟ್ಟೆ.

ನಾವು ನಾಲ್ಕು ಜನ, ಒಂದೇ ಪ್ರಾಜೆಕ್ಟಿನವರು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಹತ್ತಿರ ಆರು ತಿಂಗಳ ಕೆಲಸಕ್ಕೆ ಹೋಗಿದ್ವಿ. ನವೆಂಬರಲ್ಲಿ ಮೂರು ದಿನ ರಜೆ ಸಿಕ್ಕಿತು, ಮೂರು ಗಾಲ್ಫ್ ಕೋರ್ಸ್ ಅಂತ ಪ್ಲಾನ್ ಆಯ್ತು. ನಾನು ಗಾಲ್ಫ್ ಆಡ್ತೀನಿ ಅಂದ್ರೆ ಊರಲ್ಲಿ ಅಪ್ಪ ಈಗಲೂ ನಗ್ತಾರೆ. ಅವರ ಲೆಕ್ಕದಲ್ಲಿ ಅದು ದುಡ್ಡಿದ್ದವರ ಚಿನ್ನಿದಾಂಡು. ಮೊದಲೆರಡು ದಿನ ಟಿವಿಯಲ್ಲಿ ತೋರಿಸುವಂಥ ಹೆಸರಾಂತ ಕೋರ್ಸ್‌ಗಳು. ಸ್ಟೇಟಸ್‌ಗೆ ಫೋಟೋ ಹಾಕೋಕೆ ಲಾಯಕ್ಕಾದವು. ಮೂರನೇ ದಿನಕ್ಕೆ ಸಿಕ್ಕಿದ್ದು ವೀ-ಕೋ-ಪಾ. ‘ಅದ್ಯಾವ್ದು ಗುರು, ಹೆಸರೇ ಕೇಳಿಲ್ಲ’ ಅಂದ ಮಂಡ್ಯದ ಗೆಳೆಯ.

ಫೋರ್ಟ್ ಮೆಕ್‌ಡೋವೆಲ್ ಯಾವಪಾಯ್ ನೇಷನ್ ಅಂತ ಒಂದು ಮೂಲನಿವಾಸಿ ಸಮುದಾಯ ಇದೆ. ಈ ಕೋರ್ಸ್ ಅವರ ನೆಲದಲ್ಲಿದೆ, ಅವರದ್ದೇ. ಪೂರ್ವಕ್ಕೆ ಕಾಣುವ ನಾಲ್ಕು ಶಿಖರದ ಬೆಟ್ಟಕ್ಕೆ ಯಾವಪಾಯ್ ಭಾಷೆಯಲ್ಲಿರುವ ಹೆಸರೇ ವೀ-ಕೋ-ಪಾ. ಎರಡು ಕೋರ್ಸ್ ಇವೆ: 2001ರಲ್ಲಿ ಶುರುವಾದ ಚೋಯಾ, 2006ರ ಸವಾರೋ. ಎರಡೂ ಕಳ್ಳಿಗಳ ಹೆಸರೇ. ನಾವು ಆಡಿದ್ದು ಚೋಯಾ, ಸ್ಕಾಟ್ ಮಿಲ್ಲರ್ ವಿನ್ಯಾಸ ಮಾಡಿದ್ದು.

ಮರುಭೂಮಿ ಕೋರ್ಸ್ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಸುಲಭವಾಗಿ ಹೇಳಬಹುದು. ಶರಾವತಿ ಹಿನ್ನೀರಲ್ಲಿ ಮೇ ತಿಂಗಳಲ್ಲಿ ದಿಬ್ಬಗಳು ಎದ್ದಿರ್ತವಲ್ಲ, ಹಾಗೆ ಹುಲ್ಲಿನ ದ್ವೀಪಗಳು. ನೀರಿನ ಬದಲು ಸುತ್ತ ಮುಳ್ಳು. ಒಂದು ದ್ವೀಪದಿಂದ ಇನ್ನೊಂದಕ್ಕೆ ಬಾಲ್ ಹಾರಿಸಬೇಕು. ಸ್ವಲ್ಪ ಆಚೀಚೆ ಆದರೆ ಹೋಯ್ತು. ‘ಮರಳಿಗೆ ಹೋದ ಬಾಲನ್ನು ಹುಡುಕೋಕೆ ಹೋಗಬೇಡಿ, ಹಾವಿರ್ತವೆ’ ಅಂತ ಮೊದಲೇ ಎಚ್ಚರಿಸಿದ್ರು. ಐದನೇ ಹೋಲಿನಲ್ಲಿ ನಾನು ಹೋದೆ. ಹಾವು ಸಿಗಲಿಲ್ಲ, ಚೋಯಾ ಸಿಕ್ತು. ನೋಡೋಕೆ ಮುದ್ದಾಗಿ ಟೆಡ್ಡಿ ಬೇರ್ ತರ ಇರುತ್ತೆ, ಸುಮ್ಮನೆ ತಾಗಿದರೆ ಒಂದು ಉಂಡೆ ಕಳಚಿ ಕಾಲಿಗೆ ಕಚ್ಚಿಕೊಳ್ಳುತ್ತೆ. ಕೈಯಿಂದ ಕಿತ್ತರೆ ಕೈಗೆ. ಕೊನೆಗೆ ಬಾಚಣಿಗೆಯಲ್ಲಿ ಎಬ್ಬಿಸಬೇಕಾಯ್ತು. ಹದಿನೆಂಟು ಹೋಲ್ ಮುಗಿಯುವಷ್ಟರಲ್ಲಿ ಹನ್ನೊಂದು ಬಾಲ್ ಕಳೆದಿದ್ದೆ. ಸ್ಕೋರ್ ಕೇಳಬೇಡಿ.

ಆದರೂ ಮೂರರಲ್ಲಿ ಇದೇ ಬೆಸ್ಟ್ ಅಂತ ನಾಲ್ಕೂ ಜನ ಒಪ್ಪಿದ್ವಿ. ಕಾರಣ ಮಂಡ್ಯದವನೇ ಕಂಡುಹಿಡಿದ: ‘ಒಂದ್ ಮನೇನೂ ಕಾಣ್ತಿಲ್ಲ ನೋಡು.’ ಹಿಂದಿನ ದಿನ ಆಡಿದ ಕಡೆ ಫೇರ್‌ವೇ ಉದ್ದಕ್ಕೂ ವಿಲ್ಲಾ, ಕಾಂಪೌಂಡು, ಯಾರದ್ದೋ ಈಜುಕೊಳ. ಇಲ್ಲಿ ಕಳ್ಳಿ, ಬೆಟ್ಟ, ಆಕಾಶ, ಅಷ್ಟೇ. ಗಾಲ್ಫ್ ಬಲ್ಲವರು ಇದನ್ನೇ ಬಾಯ್ತುಂಬ ಹೊಗಳ್ತಾರೆ. ಪಕ್ಕದಲ್ಲೇ ಫೌಂಟನ್ ಹಿಲ್ಸ್ ಅನ್ನೋ ಊರಿದೆ. ಸೈಟ್ ಮಾರೋಕೆ ಅಂತ 1970ರಲ್ಲಿ 560 ಅಡಿ ಚಿಮ್ಮೋ ಕಾರಂಜಿ ಕಟ್ಟಿದ ಊರು ಅದು. ಬೇಲಿಯ ಆ ಕಡೆ ಕಾರಂಜಿ, ಈ ಕಡೆ ಖಾಲಿ ನೆಲ. ಈ ಖಾಲಿ ಎಲ್ಲಿಂದ ಬಂತು?

ರಾತ್ರಿ ಹೋಟೆಲಲ್ಲಿ ಕಾಲಿಗೆ ಐಸ್ ಇಟ್ಟುಕೊಂಡು ಆ ಪೋಸ್ಟರಿನ ಡ್ಯಾಮ್ ಬಗ್ಗೆ ಓದೋಕೆ ಕೂತೆ. ಡ್ಯಾಮ್ ಮ್ಯಾಪಲ್ಲಿ ಸಿಗದೇ ಇದ್ದದ್ದು ಸರಿಯೇ ಇತ್ತು. ಅದನ್ನು ಕಟ್ಟೇ ಇಲ್ಲ. ಕಟ್ಟದೇ ಇದ್ದದ್ದಕ್ಕೆ ಪ್ರತಿ ನವೆಂಬರ್ ಹಬ್ಬ ಮಾಡ್ತಾರೆ.

ಕಥೆ ಹಿಂದಿನಿಂದ ಹೇಳಬೇಕು. 1875ರ ಚಳಿಗಾಲದಲ್ಲಿ ಸೈನ್ಯ ಯಾವಪಾಯ್ ಮತ್ತು ಅಪಾಚೆ ಜನರನ್ನು ವರ್ಡೆ ಹೊಳೆಯ ಕಣಿವೆಯಿಂದ ಎಬ್ಬಿಸಿ ಸುಮಾರು 180 ಮೈಲಿ ದೂರದ ಸ್ಯಾನ್ ಕಾರ್ಲೋಸ್‌ಗೆ ನಡೆಸಿಕೊಂಡು ಹೋಯ್ತು. ಬೆಟ್ಟ, ಹಿಮ, ತುಂಬಿದ ಹೊಳೆ. ನೂರಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು. ಇಪ್ಪತ್ತೈದು ವರ್ಷ ಕಳೆದ ಮೇಲೆ ಉಳಿದವರು ಸ್ವಲ್ಪ ಸ್ವಲ್ಪವಾಗಿ ವಾಪಸ್ ಬಂದರು. 1903ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಳೇ ಸೈನಿಕ ಠಾಣೆಯ ಜಾಗವನ್ನು, ಸುಮಾರು 24,000 ಎಕರೆ, ಅವರ ಹೆಸರಿಗೆ ಮೀಸಲಿಟ್ಟ.

ಕೆಲವೇ ವರ್ಷದಲ್ಲಿ ಅಲ್ಲಿಂದಲೂ ಎಬ್ಬಿಸುವ ಮಾತು ಬಂತು. ಆಗ ಅಡ್ಡ ನಿಂತವನು ವಾಸಾಜಾ ಅನ್ನೋ ಡಾಕ್ಟರ್. 1871ರಲ್ಲಿ ಹುಡುಗನಾಗಿದ್ದಾಗ ಬೇರೆ ಬುಡಕಟ್ಟಿನವರು ಹಿಡಿದುಕೊಂಡು ಹೋಗಿ, ಇಟಲಿ ಮೂಲದ ಒಬ್ಬ ಫೋಟೋಗ್ರಾಫರಿಗೆ ಮೂವತ್ತು ಡಾಲರಿಗೆ ಮಾರಿದ್ದರು. ಅವನು ಸಾಕಿ, ಕಾರ್ಲೋಸ್ ಮಾಂಟೆಜುಮಾ ಅಂತ ಹೆಸರಿಟ್ಟು ಓದಿಸಿದ. 1889ರಲ್ಲಿ ಷಿಕಾಗೋದಲ್ಲಿ ವೈದ್ಯನಾಗಿ ಹೊರಬಂದ ಆ ಮನುಷ್ಯ ಊರಿನವರ ಪರವಾಗಿ ವಾಷಿಂಗ್ಟನ್‌ಗೆ ಪತ್ರದ ಮೇಲೆ ಪತ್ರ ಬರೆದ. ಊರು ಉಳೀತು. ಕ್ಷಯ ಬಂದಾಗ ಷಿಕಾಗೋ ಬಿಟ್ಟು ಇಲ್ಲಿಗೇ ಬಂದು, 1923ರಲ್ಲಿ ಸತ್ತ. ಸಮಾಧಿ ಇಲ್ಲೇ ಇದೆ. ಅವನ ಕಥೆಗೇ ಒಂದು ಬೇರೆ ಅಂಕಣ ಬೇಕು.

ಡ್ಯಾಮಿನ ವಿಷಯ ಬಂದದ್ದು 1968ರಲ್ಲಿ. ಕೊಲರಾಡೋ ನದಿಯ ನೀರನ್ನು ಕಾಲುವೆಯಲ್ಲಿ ಫೀನಿಕ್ಸ್ ಕಡೆ ತರುವ ದೊಡ್ಡ ಯೋಜನೆಗೆ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತು. ಆ ನೀರು ನಿಲ್ಲಿಸೋಕೆ ವರ್ಡೆ ಮತ್ತು ಸಾಲ್ಟ್ ಹೊಳೆಗಳು ಸೇರುವಲ್ಲಿ ಒಂದು ಅಣೆಕಟ್ಟು. ಕಟ್ಟಿದ್ದರೆ ಇವರ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಮುಳುಗುತ್ತಿತ್ತು: ಹೊಳೆ ದಂಡೆಯ ಹೊಲ, ಮನೆ, ಸ್ಮಶಾನ. ಪರಿಹಾರ ಅಂತ ಕೋಟಿಗಟ್ಟಲೆ ಡಾಲರ್. ಆಗ ಅಲ್ಲಿದ್ದವರು ಕೆಲವು ನೂರು ಜನ, ಹೆಚ್ಚಿನವರು ಬಡವರು.

1976ರಲ್ಲಿ ಮತ ಹಾಕಿದರು. ಬೇಡ ಅಂದವರು 144, ಬೇಕು ಅಂದವರು 57.

ಈ ಅಂಕಿ ಹತ್ತಿರ ನಾನು ತುಂಬ ಹೊತ್ತು ನಿಂತೆ. ಯಾಕಂದ್ರೆ ನಾನು ಮುಳುಗಡೆ ಮನೆಯವನು. ಸಾಗರ ತಾಲೂಕಿನ ಕಡೆಯವರಿಗೆ ಈ ಒಂದು ಪದ ಸಾಕು. ಲಿಂಗನಮಕ್ಕಿ ಆಣೆಕಟ್ಟು 1964ರಲ್ಲಿ ಮುಗಿದಾಗ ಅಜ್ಜನಿಗೆ ಇಪ್ಪತ್ತೆರಡು. ಮನೆಯ ಬಾಗಿಲು, ಕಂಬ ಕಿತ್ತು ಲಾರಿಗೆ ಹಾಕಿದ್ದು, ದನಗಳನ್ನು ಹೊಡೆದುಕೊಂಡು ಕಾಡುದಾರಿಯಲ್ಲಿ ನಡೆದದ್ದು, ಬೆಳೆದ ತೋಟ ಹಾಗೇ ಬಿಟ್ಟು ಬಂದದ್ದು, ಇದನ್ನೆಲ್ಲ ಅಜ್ಜ ಈಗಲೂ ನಿನ್ನೆ ಆದಂಗೆ ಹೇಳ್ತಾರೆ. ಕೊಟ್ಟ ಜಾಗದ ಹಕ್ಕುಪತ್ರದ ಫೈಲು ಇವತ್ತಿಗೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡ್ತಿದೆ. ಆ ನೀರಿನ ಕರೆಂಟಲ್ಲಿ ಬೆಂಗಳೂರು ಬೆಳೀತು, ಅದೇ ಬೆಂಗಳೂರಲ್ಲಿ ನಾನು ಬಿಇ ಮುಗಿಸಿ ಕೆಲಸ ಹಿಡಿದೆ. ಹಾಗಾಗಿ ಡ್ಯಾಮ್ ಬೇಡವಾಗಿತ್ತು ಅಂತ ಬೀಸಾಗಿ ಬರೆಯೋಕೆ ನನ್ನ ಕೈ ಬರಲ್ಲ. ಹಾಗೇ, ಆ 57 ಜನರನ್ನು ತಪ್ಪು ಅನ್ನೋಕೂ ಬಾಯಿ ಬರಲ್ಲ.

ಮತ ಹಾಕಿದ ಕೂಡಲೇ ಕಥೆ ಮುಗಿಯಲಿಲ್ಲ. 1978ರಿಂದ 1980ರವರೆಗೆ ಫೀನಿಕ್ಸಿನಲ್ಲಿ ಮೇಲಿಂದ ಮೇಲೆ ಪ್ರವಾಹ. ವರ್ಷವಿಡೀ ಒಣಗಿರುವ ಸಾಲ್ಟ್ ಹೊಳೆ ಸೇತುವೆಗಳನ್ನೇ ಬಂದ್ ಮಾಡಿಸಿತು. ನಗರದವರು ಡ್ಯಾಮ್ ಬೇಕೇ ಬೇಕು ಅಂತ ಕೂತರು. ಅವರ ಕಷ್ಟ ಸುಳ್ಳೇನಲ್ಲ. ಈ ಕಡೆ ಯಾವಪಾಯ್ ಜನ ಸುಮ್ಮನೆ ಕೂರಲಿಲ್ಲ. ಹೊಳೆ ದಂಡೆಯಲ್ಲಿ ಬೋಳು ಹದ್ದುಗಳ ಗೂಡಿದ್ದವು. ಪಕ್ಷಿಪ್ರಿಯರು ಜೊತೆಗೆ ಬಂದರು. ಖರ್ಚಿನ ಲೆಕ್ಕ ಕೇಳುವವರೂ ಬಂದರು. 1981ರ ಸೆಪ್ಟೆಂಬರಲ್ಲಿ ಮುದುಕರು, ಮಕ್ಕಳು ಸೇರಿ ಸುಮಾರು ನೂರು ಜನ ಮೂರು ದಿನ ನಡೆದು ಫೀನಿಕ್ಸಿನ ರಾಜ್ಯ ಶಾಸನ ಭವನ ಮುಟ್ಟಿದರು. ಆ ಬಿಸಿಲಲ್ಲಿ ಕಾರ್ಟ್ ಬಿಟ್ಟು ನೂರು ಹೆಜ್ಜೆ ನಡೆದು ನೋಡಿ, ಗೊತ್ತಾಗುತ್ತೆ. ನವೆಂಬರಲ್ಲಿ ಕೇಂದ್ರದ ಒಳಾಡಳಿತ ಸಚಿವ ಜೇಮ್ಸ್ ವಾಟ್ ಓರ್ಮ್ ಡ್ಯಾಮ್ ಕೈಬಿಟ್ಟ. ನೀರು ನಿಲ್ಲಿಸೋಕೆ ಬೇರೆ ಕಡೆ ಇದ್ದ ಅಣೆಕಟ್ಟುಗಳನ್ನೇ ಎತ್ತರಿಸುವ, ಹೊಸದಾಗಿ ಕಟ್ಟುವ ದಾರಿ ಸಿಕ್ಕಿತು. ದಾರಿ ಇತ್ತು ಅನ್ನಿ. ಬೇಡ ಅಂದ ಮೇಲೆ ಹುಡುಕಿದರು.

ಆಮೇಲಿನದ್ದು ಬೇಗ ಹೇಳ್ತೀನಿ. 1990ರ ಒಂದು ಕಾನೂನು ವರ್ಷಕ್ಕೆ 36,350 ಎಕರೆ-ಅಡಿ ನೀರಿನ ಹಕ್ಕನ್ನು ಅವರಿಗೆ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಟಿಎಂಸಿ. ಮರುಭೂಮಿಯಲ್ಲಿ ಅದು ದೊಡ್ಡ ಆಸ್ತಿ. 1992ರ ಮೇ 12ರಂದು ಎಫ್‌ಬಿಐನವರು ಅವರ ಕ್ಯಾಸಿನೋದ 349 ಜೂಜಿನ ಯಂತ್ರಗಳನ್ನು ಲಾರಿಗೆ ತುಂಬಿದರು. ಜನ ಕಾರು, ಮರಳಿನ ಟಿಪ್ಪರ್ ಅಡ್ಡ ನಿಲ್ಲಿಸಿ ಲಾರಿಗಳನ್ನು ಹೊರಗೆ ಬಿಡಲಿಲ್ಲ. ಮೂರು ವಾರ ಹಾಗೇ. ಕೊನೆಗೆ ರಾಜ್ಯ ಒಪ್ಪಂದಕ್ಕೆ ಬಂತು. ಇಷ್ಟೆಲ್ಲ ಆದ ಮೇಲೆ ಗಾಲ್ಫ್ ಕೋರ್ಸ್. ಮರುಭೂಮಿಯಲ್ಲಿ ಹುಲ್ಲಿಗೆ ನೀರು ಹಾಕೋದು ಸರಿಯಾ ಅಂತ ನೀವು ಕೇಳಬಹುದು, ನಾನೂ ಕೇಳ್ಕೊಂಡೆ. ಆದರೆ ಆ ನೀರನ್ನು ಯಾವುದಕ್ಕೆ ಬಳಸಬೇಕು ಅಂತ ಅವರಿಗೆ ಪಾಠ ಮಾಡುವ ಜಾಗದಲ್ಲಿ ನಾನಿಲ್ಲ, ಅದೂ ಹದಿನೆಂಟು ಹೋಲ್ ಆಡಿ ಬಂದವನು.

ಫೇರ್‌ವೇ ಪಕ್ಕ ಮನೆ ಯಾಕಿಲ್ಲ ಅನ್ನೋದಕ್ಕೆ ಉತ್ತರ ಸಿಕ್ಕಿತ್ತು. ಆ ನೆಲ ಸೈಟ್ ಮಾಡಿ ಮಾರುವವರ ಕೈಗೆ ಹೋಗಲೇ ಇಲ್ಲ.

ಆ ರಾತ್ರಿಯೇ ಊರಿಗೆ ಫೋನ್ ಮಾಡಿದೆ; ಅಲ್ಲಿ ಬೆಳಗಾಗಿತ್ತು. ಅಜ್ಜ ಜಗುಲಿಯಲ್ಲಿ ಕವಳ ಹಾಕ್ತಾ ಕೂತಿದ್ರು. ಎಲ್ಲ ಹೇಳಿದೆ. ಮೆರವಣಿಗೆ, ಹದ್ದು, ಡಾಕ್ಟರ್ ಯಾವುದೂ ಅವರಿಗೆ ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ಒಂದೇ ಕಡೆ ತಡೆದರು.

‘ಓಟು ಹಾಕ್ಸಿದ್ರಾ? ಕೇಳಿದ್ರಾ ಅವ್ರನ್ನ?’

‘ಹೌದು ಅಜ್ಜ. 144, 57.’

ಸ್ವಲ್ಪ ಹೊತ್ತು ಮಾತಿಲ್ಲ. ಕವಳ ಉಗಿಯೋಕೆ ಎದ್ದು ಹೋಗಿ ಬಂದರು.

‘ಆ ಐವತ್ತೇಳು ಜನ ಆಮೇಲೆ ಎಲ್ಲಿಗೆ ಹೋದ್ರು ಮಾರಾಯ?’

‘ಎಲ್ಲಿಗೂ ಹೋಗ್ಲಿಲ್ಲ ಅಜ್ಜ. ಅಲ್ಲೇ ಇದ್ರು.’