ಹೈದರಾಬಾದಿನಲ್ಲಿ ಗ್ರಂಥಾಲಯ ಸಹಕಾರ: ಕಾಯಿದೆಯಿಂದ ತಂತ್ರಾಂಶದವರೆಗೆ

ದೊಡ್ಡ ಗ್ರಂಥಾಲಯವೊಂದು ಹೆಚ್ಚಾದ ಪುಸ್ತಕಗಳನ್ನು ಸಣ್ಣ ಗ್ರಂಥಾಲಯಕ್ಕೆ ದಾನ ಮಾಡುವುದನ್ನೇ ಗ್ರಂಥಾಲಯ ಸಹಕಾರವೆಂದು ಬಗೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಆದರೆ ಗ್ರಂಥಾಲಯ ವಿಜ್ಞಾನದಲ್ಲಿ ಈ ಪದಕ್ಕೆ ವಿಸ್ತಾರವಾದ ಅರ್ಥವಿದ್ದು, ಸಂಯುಕ್ತ ಸೂಚಿ, ಅಂದರೆ ಹಲವು ಗ್ರಂಥಾಲಯಗಳಲ್ಲಿರುವ ಕೃತಿಗಳನ್ನು ಒಂದೆಡೆ ತೋರಿಸುವ ಪಟ್ಟಿ, ಅಂತರ ಗ್ರಂಥಾಲಯ ಎರವಲು, ಸಮಾನ ವರ್ಗೀಕರಣ, ಸಿಬ್ಬಂದಿಯ ತರಬೇತಿ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಈ ವಿಸ್ತೃತ ಅರ್ಥದ ಸಹಕಾರ ಹೈದರಾಬಾದಿನಲ್ಲಿ ಯಾವ ಬಗೆಯಲ್ಲಿ ಬೆಳೆಯಿತೆಂಬ ಪ್ರಶ್ನೆ ಕನ್ನಡ ಓದುಗರಿಗೂ ಸಂಬಂಧಿಸಿದ್ದು, ಏಕೆಂದರೆ ಇಂದಿನ ಕಲ್ಯಾಣ ಕರ್ನಾಟಕದ ಬಹುಭಾಗಕ್ಕೆ ಮೊದಲ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂದದ್ದು ಈ ನಗರದಿಂದಲೇ.

1955ರ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ತೆಲಂಗಾಣ ಮತ್ತು ಮರಾಠವಾಡದ ಜೊತೆಗೆ ಬೀದರ್, ಗುಲ್ಬರ್ಗ, ರಾಯಚೂರು ಸೀಮೆಗಳನ್ನೂ ಒಂದೇ ವ್ಯವಸ್ಥೆಯಡಿ ತರಲು ಯತ್ನಿಸಿತು. 1891ರಲ್ಲಿ ಸ್ಥಾಪನೆಯಾಗಿದ್ದ ಆಸಫಿಯಾ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಉರ್ದು, ತೆಲುಗು, ಮರಾಠಿಗಳೊಂದಿಗೆ ಕನ್ನಡ ಪುಸ್ತಕಗಳೂ ಅಲ್ಲಿರುವುದು ಆ ಬಹುಭಾಷಾ ರಾಜ್ಯದ ಕುರುಹು. ಜನರ ಪ್ರಯತ್ನ ಇದಕ್ಕೆ ಅರ್ಧ ಶತಮಾನ ಮುಂಚೆಯೇ ಆರಂಭವಾಗಿದ್ದು, ಕೊಮರ್ರಾಜು ಲಕ್ಷ್ಮಣರಾವ್ ಮತ್ತು ರಾವಿಚೆಟ್ಟು ರಂಗರಾವ್ ಮೊದಲಾದವರು 1901ರಲ್ಲಿಯೇ ಇಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವನ್ನು ತೆರೆದಿದ್ದರು. ಕಾಯಿದೆ ಬೇರೂರುವ ಮೊದಲೇ, 1956ರ ನವೆಂಬರ್ 1ರಂದು, ರಾಜ್ಯವೇ ಮೂರಾಗಿ ಹಂಚಿಹೋಯಿತು; 1960ರಲ್ಲಿ ಆಂಧ್ರಪ್ರದೇಶವೂ 1965ರಲ್ಲಿ ಮೈಸೂರು ರಾಜ್ಯವೂ ತಮ್ಮದೇ ಕಾಯಿದೆಗಳನ್ನು ಮಾಡಿಕೊಂಡವು. ಕಾನೂನು ತೆರಿಗೆಯ ಹಣವನ್ನೂ ಆಡಳಿತದ ಶ್ರೇಣಿಯನ್ನೂ ಒದಗಿಸಿತಾದರೂ ಅದರ ಕೈ ಗಡಿಯಾಚೆಗೆ ಚಾಚಲಿಲ್ಲ.

ಗಡಿ ದಾಟಿದ ಸಹಕಾರ ವಿಷಯವನ್ನು ಆಧರಿಸಿ ಬೆಳೆಯಿತು. ನಗರದ ಹೊರವಲಯದ ಪಟನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್, ಅಂದರೆ ಅರೆಶುಷ್ಕ ಉಷ್ಣವಲಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ, ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳನ್ನು ತನ್ನ ಅಧ್ಯಯನಕ್ಕೆ ಆರಿಸಿಕೊಂಡಿತು. ಕಲಬುರಗಿಯ ಹೊಲದಲ್ಲಿ ಬೆಳೆಯುವ ಜೋಳವೇ ಪಶ್ಚಿಮ ಆಫ್ರಿಕದ ನೈಜರ್‌ನಲ್ಲಿಯೂ ಬೆಳೆಯುವುದರಿಂದ ಎರಡೂ ಕಡೆಯ ಸಂಶೋಧಕರಿಗೆ ಬೇಕಾಗುವ ಲೇಖನಗಳು ಬಹುಮಟ್ಟಿಗೆ ಒಂದೇ ಆಗಿದ್ದವು. ಆದರೆ ದುಬಾರಿ ವಿದೇಶಿ ನಿಯತಕಾಲಿಕೆಗಳನ್ನು ತರಿಸುವ ಶಕ್ತಿ ಆಫ್ರಿಕದ ಹೊಸ ಕೃಷಿ ಗ್ರಂಥಾಲಯಗಳಿಗೆ ಇರಲಿಲ್ಲ. ಕೆನಡಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರದ ನೆರವಿನಿಂದ 1970ರ ದಶಕದಲ್ಲಿ ಜೋಳ ಮತ್ತು ಕಿರುಧಾನ್ಯಗಳ ಮಾಹಿತಿ ಕೇಂದ್ರವಾಗಿ ಆರಂಭಗೊಂಡು, ಮುಂದೆ ಸ್ಯಾಟ್‌ಕ್ರಿಸ್ ಎಂಬ ಹೆಸರಿನಲ್ಲಿ ವಿಸ್ತರಿಸಿದ ಸೇವೆಯು ಈ ಕೊರತೆಗೆ ಉತ್ತರವಾಗಿತ್ತು. ಪ್ರತಿಯೊಬ್ಬ ಸಂಶೋಧಕನ ಆಸಕ್ತಿಯನ್ನು ಬರೆದಿಟ್ಟುಕೊಂಡು, ಅದಕ್ಕೆ ಹೊಂದುವ ಹೊಸ ಲೇಖನಗಳ ವಿವರವನ್ನು ಆಗಿಂದಾಗ್ಗೆ ಕಳುಹಿಸಿ, ಕೇಳಿದರೆ ಮೂಲದ ಪ್ರತಿಯನ್ನೂ ಒದಗಿಸುವ ಈ ಕ್ರಮಕ್ಕೆ ಆಯ್ದ ಮಾಹಿತಿ ಪ್ರಸಾರವೆಂದು ಹೆಸರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಖಗೋಳ ಕೇಂದ್ರವು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಮುಂತಾದವುಗಳೊಡನೆ ಸೇರಿರುವ ಫೋರ್ಸಾ ಎಂಬ ಖಗೋಳ ಗ್ರಂಥಪಾಲಕರ ವೇದಿಕೆಯೂ ಇದೇ ಜಾತಿಯದು.

ಇಕ್ರಿಸ್ಯಾಟ್ ಮಾದರಿಯ ದೊಡ್ಡ ಮಿತಿಯೆಂದರೆ ಅದರಲ್ಲಿ ಕೊಡುವವರು ಕೊಡುತ್ತಲೇ, ಪಡೆಯುವವರು ಪಡೆಯುತ್ತಲೇ ಉಳಿಯುತ್ತಿದ್ದರು. ಆ ಸಂಸ್ಥೆಯ ಗ್ರಂಥಾಲಯವನ್ನು ನಡೆಸಿದ್ದ ಎಲ್.ಜೆ. ಹಾರಾವು ಅವರು ಮುಂದೆ ತೊಡಗಿಕೊಂಡ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಬಿ.ಎಸ್. ಕೇಶವನ್ ಅವರ ಹೆಸರಿನ, ಹಾರಾವು ಅವರು ಸೇರಿದ್ದ ಸಂಸ್ಥೆಯ ಪರಿಣತಿಯನ್ನು ಬಳಸಿ ಹೈದರಾಬಾದಿನ ವೆರಸ್ ಸೊಲ್ಯೂಷನ್ಸ್ ಸಿದ್ಧಪಡಿಸಿದ ನ್ಯೂಜೆನ್‌ಲಿಬ್ ಎಂಬ ಗ್ರಂಥಾಲಯ ತಂತ್ರಾಂಶ 2005ರಲ್ಲಿ ಹೊರಬಂದಿತು. 2008ರ ಜನವರಿಯಲ್ಲಿ ಅದು ಮುಕ್ತ ತಂತ್ರಾಂಶವಾಯಿತು, ಅಂದರೆ ಯಾರಾದರೂ ಬೆಲೆ ತೆರದೆ ಬಳಸಿ ತಿದ್ದಿಕೊಳ್ಳಬಹುದಾದುದಾಯಿತು. ಯೂನಿಕೋಡ್ ಬೆಂಬಲವಿರುವುದರಿಂದ ಕನ್ನಡ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿಯೇ ದಾಖಲಿಸಬಹುದು; ಮಾರ್ಕ್-21 ಎಂಬ ಅಂತರರಾಷ್ಟ್ರೀಯ ದಾಖಲೆ ವಿನ್ಯಾಸವನ್ನು ಪಾಲಿಸುವುದರಿಂದ ಸಣ್ಣ ಊರಿನಲ್ಲಿ ಮಾಡಿದ ದಾಖಲೆಯನ್ನು ಎಲ್ಲಿಯ ಸಂಯುಕ್ತ ಸೂಚಿಗಾದರೂ ಸೇರಿಸಬಹುದು. ಹೀಗೆ ತನ್ನ ಸೂಚಿಯನ್ನು ತಾನೇ ಮಾಡಿ ಇತರರಿಗೆ ಕೊಡಬಲ್ಲ ಗ್ರಂಥಾಲಯವನ್ನು ಮಾತ್ರ ಸಹಕಾರದ ಪಾಲುದಾರನೆನ್ನಬಹುದು. ಬೀರು ತುಂಬ ದಾನದ ಪುಸ್ತಕಗಳಿದ್ದೂ ಸೂಚಿಯಿಲ್ಲದ ಗ್ರಂಥಾಲಯಕ್ಕೆ ಆ ಸ್ಥಾನ ಸಲ್ಲದು.

ತಂತ್ರಾಂಶ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯದು. ದಾಖಲೆ ಮಾಡಬಲ್ಲ ಸಿಬ್ಬಂದಿಯೂ ಅವರ ಸಂಬಳವೂ ಬೇಕು, ಅದು ಮತ್ತೆ ಕಾಯಿದೆಯ ಗ್ರಂಥಾಲಯ ಕರದ ಕಡೆಗೇ ಕೈ ತೋರಿಸುತ್ತದೆ. ಹೈದರಾಬಾದಿನ ರಾಜ್ಯ ಕೇಂದ್ರ ಗ್ರಂಥಾಲಯದ ಕನ್ನಡ ಸಂಗ್ರಹವನ್ನೂ ಬೀದರ್, ಕಲಬುರಗಿ, ರಾಯಚೂರುಗಳ ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಹಳೆಯ ಪುಸ್ತಕಗಳನ್ನೂ ಒಂದೇ ಸಂಯುಕ್ತ ಸೂಚಿಗೆ ತರುವ ಕೆಲಸವನ್ನು ತೆಲಂಗಾಣ ಮತ್ತು ಕರ್ನಾಟಕ ರಾಜ್ಯಗಳ ಗ್ರಂಥಾಲಯ ಇಲಾಖೆಗಳು ಜೊತೆಗೂಡಿ ಕೈಗೆತ್ತಿಕೊಳ್ಳಬೇಕು; ಅದಕ್ಕೆ ಹೊಸ ಕಾಯಿದೆಯ ಅಗತ್ಯವಿಲ್ಲ, ಎರಡು ಇಲಾಖೆಗಳ ನಡುವಿನ ಒಪ್ಪಂದ ಸಾಕು.