ಕಾಮಣಿಯೂ ಆಸ್ಟ್ರೇಲಿಯಾ ಪ್ರತಿಜನಕವೂ

ವಿಜಯಪುರ, ತಿಕೋಟಾ, ಬಬಲೇಶ್ವರ ಪ್ರಾಂತದಲ್ಲಿ ಕಣ್ಣು ಹಳದಿಯಾಗುವ ಬೇನೆಗೆ ‘ಕಾಮಣಿ’ ಎನ್ನುವರು. ಚರಕಸಂಹಿತೆಯಲ್ಲಿ ಪಾಂಡುರೋಗದೊಡನೆ ವರ್ಣಿತವಾದ ‘ಕಾಮಲಾ’ ಶಬ್ದದ ಬಳಗಕ್ಕೆ ಇದು ಸೇರಿದುದೆಂದು ತೋರುವುದು. ಇದೇ ವಿಜಯಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಭಾರತೀಯ ವೈದ್ಯವನ್ನು ಪಾರಸಿಯಲ್ಲಿ ಸಂಗ್ರಹಿಸಿ ‘ದಸ್ತೂರ್-ಉಲ್-ಅತಿಬ್ಬಾ’ವನ್ನು ರಚಿಸಿದನು. ಆದರೆ ಸಂಸ್ಕೃತದ ಕಾಮಲಾ, ಯುನಾನಿಯ ಯರಕಾನ್, ದೇಶ್ಯದ ಕಾಮಣಿ, ಇವೆಲ್ಲವೂ ಹೆಸರಿಸುವುದು ಲಕ್ಷಣವನ್ನು, ಕಾರಣವನ್ನಲ್ಲ.

1965ರಲ್ಲಿ ಅಮೆರಿಕದ ಬ್ಲಂಬರ್ಗನು ಪ್ರಕಟಪಡಿಸಿದ, ಆಸ್ಟ್ರೇಲಿಯಾದ ಆದಿವಾಸಿಯೊಬ್ಬನ ರಕ್ತದಲ್ಲಿ ಕಂಡ ಪ್ರತಿಜನಕವು ಹೆಪಟೈಟಿಸ್ ಬಿ ವೈರಾಣುವಿನ ಹೊರಮೈಯ ಪ್ರೋಟೀನೆಂದು ಬಳಿಕ ಗೊತ್ತಾಯಿತು. ಇದು ಸಣ್ಣದು, ನಡುವಣದು, ದೊಡ್ಡದು ಎಂದು ಮೂರು ಬಗೆ. ದೊಡ್ಡದು ಯಕೃತ್ತಿನ ಜೀವಕೋಶಕ್ಕೆ ಅಂಟಿಕೊಂಡು ವೈರಾಣುವಿಗೆ ದ್ವಾರವನ್ನು ತೆರೆಯುವುದು. ಒಳಗೆ ಶೇಖರವಾದರೆ ಕೋಶವನ್ನೇ ಕೆಡಿಸುವುದು. ಬರಿಯ ಪ್ರೋಟೀನಿನ ಪೊಳ್ಳು ಕಣಗಳಂತೂ ವೈರಾಣುಗಳಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ರಕ್ತದಲ್ಲಿ ಸಂಚರಿಸಿ ದೇಹದ ರಕ್ಷಕಶಕ್ತಿಯನ್ನು ಮರುಳುಗೊಳಿಸುವುವು. ಹೀಗೆ, ಕಣ್ಣು ಹಳದಿಯಾಗದೆಯೇ ಯಕೃತ್ತು ದಶಕಗಳ ಕಾಲ ಸವೆದು ಗಡುಸಾಗಬಹುದು, ಅರ್ಬುದಕ್ಕೂ ಎಡೆಯಾಗಬಹುದು. ‘ಕಾಮಣಿ’ಯೆಂಬ ಮಾತಿಗೆ ಸಿಕ್ಕದ ರೋಗಿ ಇವನೇ, ರಕ್ತದಲ್ಲಿ ಆ ಪ್ರೋಟೀನನ್ನು ಹುಡುಕಿದಲ್ಲದೆ ಇವನು ಪತ್ತೆಯಾಗನು.

ವಿಚಿತ್ರವೆಂದರೆ, ಅದೇ ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿದ ಲಸಿಕೆ 1986ರಲ್ಲಿ ಬಳಕೆಗೆ ಬಂದಿತು. 2011ರಿಂದ ಅದು ಭಾರತದ ಎಲ್ಲ ಪ್ರಾಂತಗಳ ಶಿಶುಗಳಿಗೂ ವಿಹಿತವಾಗಿದೆ. ಮೊದಲ ಸೂಜಿ ಹುಟ್ಟಿದ 24 ಗಂಟೆಗಳೊಳಗೆ.